ಅಂಬಕ್ಕನ ಕೋಣೆಯ ಗಾಳಿ

ನಾಶಿಕದ ಪಂಚವಟಿಯಲ್ಲಿ ಅಂಬಕ್ಕನ ಕೋಣೆ ಎಂದರೆ ಕನ್ನಡದವರಿಗೆಲ್ಲ ಗೊತ್ತಿತ್ತು. ಬ್ಯಾಂಕಿನವರು, ಅಂಚೆಯವರು, ರೈಲ್ವೆಯವರು, ಹೀಗೆ ಧಾರವಾಡ ಬಾಗಲಕೋಟೆ ಕಡೆಯಿಂದ ವರ್ಗವಾಗಿ ಬಂದವರ ಮನೆಯಲ್ಲಿ ಮಗಳಿಗೋ ಸೊಸೆಗೋ ದಿನ ತುಂಬುತ್ತ ಬಂತೆಂದರೆ, ಆಸ್ಪತ್ರೆ ಗೊತ್ತುಮಾಡುವ ಮೊದಲೇ ಅಂಬಕ್ಕನ ಕೋಣೆ ಖಾಲಿ ಇದೆಯೋ ಇಲ್ಲವೋ ಎಂದು ಕೇಳಿಕೊಂಡು ಬರುತ್ತಿದ್ದರು. ಹೆರಿಗೆ ಆಸ್ಪತ್ರೆಯಲ್ಲಿ, ಬಾಣಂತನ ಅಂಬಕ್ಕನಲ್ಲಿ. ತವರು ದೂರವಾದವರಿಗೆ ಅದೇ ತವರು.

ಅವಳ ಪೂರ್ತಿ ಹೆಸರು ಅಂಬುಜಾಬಾಯಿ. ಗದಗಿನ ಹತ್ತಿರದ ಹಳ್ಳಿಯವಳು. ಗಂಡ ರಘೋತ್ತಮರಾಯರದು ರೈಲಿನಲ್ಲಿ ಟಪಾಲು ವಿಂಗಡಿಸುವ ಕೆಲಸ. ವಾರದಲ್ಲಿ ಅರ್ಧ ರಾತ್ರಿಗಳೆಲ್ಲ ಅವರು ರೈಲಿನಲ್ಲೇ. ಹಳೆಯ ವಾಡೆಯೊಂದರ ಹಿಂಭಾಗವನ್ನು ಕೊಂಡು ಮನೆ ಮಾಡಿಕೊಂಡಿದ್ದರು. ಒಬ್ಬಳೇ ಮಗಳು ಮದುವೆಯಾಗಿ ಸೊಲ್ಲಾಪುರಕ್ಕೆ ಹೋದ ಮೇಲೆ ಅಂಬಕ್ಕ ಒಳಗಿನ ಕೋಣೆಯನ್ನು ಬಾಣಂತಿಯರಿಗೆಂದೇ ಇಟ್ಟಳು. ಕೈಯಲ್ಲಿ ಅಂಥ ಗುಣ. ಎಣ್ಣೆ ತಿಕ್ಕಿ ನೀರು ಹಾಕಿದಳೆಂದರೆ ಅಳುವ ಕೂಸು ಅಲ್ಲೇ ಕಣ್ಣು ಮುಚ್ಚುತ್ತಿತ್ತು. ಅಂಟಿನುಂಡಿ, ಅಳವಿ ಪಾಯಸ, ಹೊತ್ತು ಹೊತ್ತಿಗೆ ಬಿಸಿ ಬಿಸಿ ಊಟ. ಬಡಕಲಾಗಿ ಬಂದವಳು ಗುಂಡಗೆ ಹೊರಡುತ್ತಿದ್ದಳು.

ಆದರೆ ಹೆಸರಾದದ್ದು ಕೋಣೆಯೇ. ಅಲ್ಲಿ ಸೂಜಿಯ ಮೊನೆಯಷ್ಟು ಗಾಳಿಯೂ ನುಸುಳುತ್ತಿರಲಿಲ್ಲ. ಇದ್ದೊಂದು ಕಿಟಕಿಗೆ ಹಲಗೆ ಬಡಿದು ಸಂದಿಗೆಲ್ಲ ಹಳೆಯ ಸೀರೆಯ ಚಿಂದಿ ತುರುಕಿತ್ತು. ಬಾಗಿಲಿಗೆ ದಪ್ಪ ಕಂಬಳಿ. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಮುಂಜಾನೆ ಸಂಜೆ ಲೋಬಾನದ ಹೊಗೆ. ಬಾಣಂತಿಗೆ ಗಾಳಿ ಸೋಕಿದರೆ ಮುಪ್ಪಿನಲ್ಲಿ ಮೈಯೆಲ್ಲ ನೋವು ಎಂದು ನಂಬಿದ ಕಾಲ. ಕೋಣೆಯ ಮೂಲೆಯಲ್ಲಿ ಅಂಬಕ್ಕನ ಹಾಸಿಗೆ. ಬಾಣಂತಿ ಇರಲಿ ಬಿಡಲಿ, ಅವಳು ಮಲಗುವುದು ಅಲ್ಲೇ. ಹೊರಗೆ ನಿದ್ದೆಯೇ ಬರುವುದಿಲ್ಲ ಎನ್ನುತ್ತಿದ್ದಳು.

ಮೃದುಲಾ ಎಂಬ ಹುಡುಗಿ ಚೊಚ್ಚಲ ಬಾಣಂತನಕ್ಕೆ ಈ ಕೋಣೆಗೆ ಬಂದವಳು. ಗಂಡ ಅರವಿಂದ ಬ್ಯಾಂಕಿನಲ್ಲಿದ್ದ. ಅವಳ ಅಪ್ಪ ಧಾರವಾಡದವರಾದರೂ ಅವಳು ಹುಟ್ಟಿ ಬೆಳೆದದ್ದು ಈಗ ಸಂಭಾಜಿನಗರ ಎನ್ನುವ ಅಂದಿನ ಔರಂಗಾಬಾದಿನಲ್ಲಿ, ಹಾಗಾಗಿ ಅವಳ ಕನ್ನಡದಲ್ಲಿ ಅರ್ಧ ಮರಾಠಿ. ಮುಂದೆ ಅರವಿಂದನಿಗೆ ಔರಂಗಾಬಾದಿಗೇ ವರ್ಗವಾಯಿತು. ಮೃದುಲಾ ಅಲ್ಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತ, ಮನೆಗಳ ಗಾಳಿಯನ್ನು ಅಳೆಯುವ ಸಂಶೋಧನೆಗೆ ಕೈಹಚ್ಚಿದಳು. ಆಗ ಅವಳಿಗೆ ನೆನಪಾದದ್ದು ಅಂಬಕ್ಕನ ಕೋಣೆ. ಕಿವಿಯಲ್ಲಿ ಅರಳೆ ತುರುಕಿಕೊಂಡು ಹೊರಸಿನ ಮೇಲೆ ಬಿದ್ದಿದ್ದಾಗ ನೋಡಲು ಬೇರೇನೂ ಇರದೆ ಅವಳು ನೆಲವನ್ನೇ ನೋಡುತ್ತಿದ್ದಳು. ಕೋಣೆಯೆಲ್ಲ ನಿಶ್ಚಲವಾಗಿದ್ದರೂ ಹಾಸುಗಲ್ಲಿನ ಒಂದು ಸಂದಿಯ ಹತ್ತಿರ ಮಾತ್ರ ಲೋಬಾನದ ಹೊಗೆ ಮೆಲ್ಲಗೆ ಮೇಲಕ್ಕೆ ಅಲುಗಾಡುತ್ತಿತ್ತು. ಕೆಳಗಿನಿಂದ ಯಾರೋ ಉಸಿರು ಬಿಟ್ಟ ಹಾಗೆ.

ಒಂದು ವರ್ಷ ಯುಗಾದಿ ಕಳೆದ ಮೇಲೆ ಅವಳು ಕೈಯಲ್ಲೊಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಹಿಡಿದು ನಾಶಿಕಕ್ಕೆ ಬಂದಳು.

"ಕಾಕೂ, ಇದನ್ನ ನಿಮ್ಮ ಕೋಣಿಯೊಳಗ ತೂಗ ಹಾಕ್ತೀನ್ರಿ. ಮೂರು ತಿಂಗಳು ಇರಬೇಕು."

"ಇದೇನವಾ, ಕೂಸಿಗೆ ಗಿಲಕಿ ತಂದಿಯೇನು?"

"ಗಿಲಕಿ ಅಲ್ರಿ. ಒಳಗ ಸಣ್ಣ ಫಿಲ್ಮ್ ಅದ. ನೆಲದೊಳಗಿಂದ ಒಂದು ಗ್ಯಾಸ್ ಬರ್ತದ, ರೇಡಾನ್ ಅಂತ. ವಾಸನಿ ಇಲ್ಲ, ಬಣ್ಣ ಇಲ್ಲ. ಎಲ್ಲಾ ಕಡೆ ಇರ್ತದ, ಥೋಡಾ ಥೋಡಾ. ಬಂದ್ ಕೋಣಿಯೊಳಗ ಸೇರಿಕೋತದ. ಎಷ್ಟದ ಅಂತ ಈ ಫಿಲ್ಮ್ ಹೇಳ್ತದ."

"ನಮ್ಮನಿಗೆ ಗ್ಯಾಸು ಬರೂದು ಸಿಲಿಂಡರ್‌ನ್ಯಾಗ. ಅದೂ ನಂಬರ್ ಹಚ್ಚಿ ಕಾದ್ರ. ನೆಲದಾಗಿಂದ ತಾನ ಬರ್ತದಂದ್ರ ಛಲೋನೇ ಆತಲ್ಲ!" ಎಂದು ಅಂಬಕ್ಕ ನಕ್ಕಳು.

ಮೃದುಲಾ ಗೋಡೆಯ ಮೊಳೆಗೆ ಡಬ್ಬಿ ಕಟ್ಟಿ, "ಕಾಕೂ, ಜಪಾ ಹಂ, ಜೋಪಾನ. ಹೊಗಿ ಹತ್ತಬಾರದು, ಉಗಿ ಹತ್ತಬಾರದು. ಫಿಲ್ಮ್ ಮಾಸ್ತದ," ಎಂದು ಹೇಳಿ ಬಸ್ಸು ಹಿಡಿದಳು.

ಹೇಳಿದ್ದು ಬಾಣಂತಿ ಕೋಣೆಗೆ! ಮುಂದಿನ ವಾರವೇ ಉಡುಪಿ ಹೋಟೆಲಿನವರ ಸೊಸೆ ಕೂಸಿನೊಂದಿಗೆ ಬಂದಳು. ಎರಡು ಹೊತ್ತು ಹೊಗೆ, ಪಕ್ಕದ ಬಚ್ಚಲಿನಿಂದ ಹಂಡೆಯ ಉಗಿ. ಅಂಬಕ್ಕನಿಗೆ ಸಂಕಟವಾಯಿತು. ಅಷ್ಟು ದೂರದಿಂದ ತಂದುಕೊಟ್ಟ ಪರರ ಸಾಮಾನು, ತನ್ನ ಕೈಯಲ್ಲಿ ಕೆಡಬಾರದು. ಡಬ್ಬಿಯನ್ನು ಬಿಚ್ಚಿ ಅಂಗಳದ ತುಳಸಿಕಟ್ಟೆಯ ಗೂಡಿನಲ್ಲಿ ತೂಗುಹಾಕಿದಳು. ಹೊಗೆಯಿಲ್ಲ, ಉಗಿಯಿಲ್ಲ, ಮೇಲೆ ದೇವರ ಕಾವಲು. ದಿನಾ ಬೆಳಿಗ್ಗೆ ತುಳಸಿಗೆ ಅರಿಷಿಣ ಕುಂಕುಮ ಏರಿಸುವಾಗ, ಪಾಪ ಇದೊಂದೇ ಯಾಕೆ ಬೋಳಾಗಿರಬೇಕೆಂದು ಡಬ್ಬಿಗೂ ಒಂದು ಬೊಟ್ಟು. ಮೃದುಲಾ ಬರುತ್ತಾಳೆಂದು ತಿಳಿದ ದಿನ ಒರೆಸಿ ಮತ್ತೆ ಮೊಳೆಗೆ ಕಟ್ಟಿಟ್ಟಳು.

ಡಬ್ಬಿ ಒಯ್ದವಳು ಕೆಲವೇ ದಿನಗಳಲ್ಲಿ ತಿರುಗಿ ಬಂದಳು. ಮುಖದಲ್ಲಿ ಗೊಂದಲ.

"ಕಾಕೂ, ನಿಮ್ಮ ಕೋಣಿ ಗಾಳಿ ಗೋದಾವರಿ ದಂಡಿ ಗಾಳಿ ಹಾಂಗ ಸ್ವಚ್ಛ ಅದ. ನಮ್ಮ ಗೈಡ್ ಸರ್ ನಂಬವಲ್ಲರು."

"ನಾ ಹೇಳಲಿಲ್ಲೇನು? ನನ್ನ ಕೋಣಿ ಅಂದ್ರೇನು!"

"ಅದೇನೋ ಖರೆ. ಆದ್ರ ಈ ಡಬ್ಬಿ ಕೆಳಗ ಕುಂಕುಮ ಹೆಂಗ ಬಂತ್ರಿ?"

ಅಂಬಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು. ಮುಚ್ಚಿಡಬೇಕಾದ ಸಂಗತಿ ಎಂದು ಅವಳಿಗೆ ಅನಿಸಿಯೇ ಇರಲಿಲ್ಲ. "ನೀನ ಅಂದಿದ್ದಿಯಲ್ಲ, ಹೊಗಿ ಹತ್ತಬಾರದು ಅಂತ! ಮೂರು ತಿಂಗಳು ಜೋಪಾನ ಮಾಡೀನಿ ತಾಯಿ. ನನ್ನ ಬಂಗಾರದ ಪಾಟಲಿನೂ ಅಷ್ಟು ಜೋಪಾನ ಮಾಡಿಲ್ಲ."

ಮೃದುಲಾ ಹಣೆ ಹಿಡಿದುಕೊಂಡು ಕೂತಳು. ಆಮೇಲೆ ಇಬ್ಬರೂ ನಕ್ಕರು. ರೈಲಿನಿಂದ ಆಗ ತಾನೇ ಇಳಿದು ಬಂದಿದ್ದ ರಘೋತ್ತಮರಾಯರು ಪಡಸಾಲೆಯಿಂದ, "ತುಳಸಿಯವ್ವನ ಗಾಳಿ ಪಾಸಾತು ಅನ್ರಿ," ಎಂದು ಕೂಗಿದರು.

ಎರಡನೆಯ ಡಬ್ಬಿ ಶ್ರಾವಣದಲ್ಲಿ ಮೊಳೆಗೇರಿತು. ಈ ಸಲ ಮೃದುಲಾ ತೆಳು ಬಟ್ಟೆ ಕಟ್ಟಿ, ಹೊಗೆ ಹತ್ತಿದರೂ ಚಿಂತೆಯಿಲ್ಲ, ಜಾಗ ಬಿಟ್ಟು ಕದಲಿಸಬಾರದೆಂದು ಅಂಬಕ್ಕನಿಂದ ಆಣೆ ಹಾಕಿಸಿಕೊಂಡಳು. ದೀಪಾವಳಿಯವರೆಗೂ ಅಲ್ಲೇ ತೂಗಿದ ಅದನ್ನು ಮೃದುಲಾ ಬಂದು ಬಿಚ್ಚಿಕೊಂಡು ಹೋದಳು.

ದೀಪಾವಳಿಯಾದ ಮೇಲೆ ಮೃದುಲಾಳ ಮಗನ ಹುಟ್ಟುಹಬ್ಬವೆಂದು ಅಂಬಕ್ಕನಿಗೆ ಔರಂಗಾಬಾದಿನಿಂದ ಕರೆ ಬಂತು. ಯೇವಲಾ ಮೇಲಿಂದ ಎಸ್.ಟಿ. ಬಸ್ಸಿನಲ್ಲಿ ಡಬ್ಬಿ ತುಂಬ ಅಂಟಿನುಂಡಿ ಹಿಡಿದುಕೊಂಡು ಹೋದಳು. ಮೃದುಲಾಳ ಅತ್ತೆ ರಾಧಾಬಾಯಿಯವರೂ ಅಲ್ಲಿದ್ದರು. ಅವರ ಮಗಳು ಮನೋರಮಾ ಬಸುರಿ, ಅವಳ ಬಾಣಂತನ ಅಂಬಕ್ಕನಲ್ಲೇ ಎಂದು ಮೊದಲೇ ನಿಶ್ಚಯವಾಗಿತ್ತು. ರಾಧಾಬಾಯಿಯವರ ಮಾತೆಂದರೆ ನಾಶಿಕ ಔರಂಗಾಬಾದಿನ ಕನ್ನಡ ಮನೆಗಳಲ್ಲೆಲ್ಲ ನಡೆಯುತ್ತಿತ್ತು. ಅವರು ಹೌದೆಂದ ಕಡೆ ಹತ್ತು ಜನ ಹೋಗುತ್ತಿದ್ದರು, ಅಲ್ಲವೆಂದ ಕಡೆ ಯಾರೂ ಹೋಗುತ್ತಿರಲಿಲ್ಲ.

ಮರುದಿನ ಮೃದುಲಾ ಅಂಬಕ್ಕನನ್ನು ಕಾಲೇಜಿಗೆ ಕರೆದುಕೊಂಡು ಹೋದಳು. ಅಂಬಕ್ಕ ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟವಳು, ಕಾಲೇಜಿನ ಮೆಟ್ಟಿಲು ಹತ್ತುವಾಗ ಗುಡಿಯೆಂಬಂತೆ ಚಪ್ಪಲಿ ಕಳಚಲು ಹೋದಳು. ಒಳಗೆ ದುರ್ಬೀನಿನಂಥ ಯಂತ್ರ. ಕಣ್ಣು ಹಚ್ಚಿ ನೋಡೆಂದು ಮೃದುಲಾ ಮೊದಲು ಅಂಗಳದ ಫಿಲ್ಮನ್ನು ತೋರಿಸಿದಳು. ಅಲ್ಲೊಂದು ಇಲ್ಲೊಂದು ಚುಕ್ಕಿ.

"ರೇಡಾನಿನ ಕಣ ಬಡಿದಲ್ಲೆಲ್ಲ ಇಂಥ ಚುಕ್ಕಿ ಬೀಳ್ತದ್ರಿ. ಈಗ ಕೋಣಿದು ನೋಡ್ರಿ."

ಅಂಬಕ್ಕ ನೋಡಿದಳು. ಗಸಗಸೆಯ ಡಬ್ಬಿ ಕೈಜಾರಿ ನೆಲದ ಮೇಲೆ ಚೆಲ್ಲಿದ ಹಾಗಿತ್ತು. ಕಣ್ಣು ಸರಿಸಿ ಒರೆಸಿಕೊಂಡು ಮತ್ತೆ ನೋಡಿದಳು. ಗಸಗಸೆ ಅಲ್ಲೇ ಇತ್ತು.

"ಅಯ್ಯೋ ನನ್ನ ಕೂಸುಗಳೇ," ಎಂದಳು. "ಎಷ್ಟು ಮಂದೀನ್ನ ಆ ಕೋಣಿಯೊಳಗ ಮಲಗಿಸೀನಿ! ನಿನ್ನೂ ಮಲಗಿಸೀನಿ, ನಿನ್ನ ಮಗನ್ನೂ..."

ಮೃದುಲಾ ಅವಳ ಕೈ ಹಿಡಿದುಕೊಂಡಳು. "ಕಾಕೂ, ಐಕಾ, ಕೇಳ್ರಿ ಇಲ್ಲೆ. ಬಾಣಂತಿ ಬರ್ತಾಳ, ತಿಂಗಳೊಪ್ಪತ್ತು ಇರ್ತಾಳ, ಹೋಗ್ತಾಳ. ಅಷ್ಟಕ್ಕ ಹೆದರೂದು ಬ್ಯಾಡ. ಇದು ಇವತ್ತು ಕುಡದು ನಾಳೆ ಸಾಯೋ ವಿಷ ಅಲ್ರಿ. ವರ್ಷಾನುಗಟ್ಟಲೆ ಉಸಿರಾಡಿದವರಿಗೆ ಪುಪ್ಪುಸದ ಕ್ಯಾನ್ಸರ್ ಆಗೋ ಸಂಭವ ಹೆಚ್ಚಾಗ್ತದ, ಅಷ್ಟ. ಆಗೇ ಆಗ್ತದಂತಲ್ಲ. ಆ ಕೋಣಿಯೊಳಗ ವರ್ಷಾನುಗಟ್ಟಲೆ ಮಲಗಿದವರು ಯಾರು?"

ಅಂಬಕ್ಕನಿಗೆ ಕೂಡಲೇ ಹೊಳೆಯಲಿಲ್ಲ. ಯಾರಿದ್ದಾರೆ ಅಂಥವರು ಎಂದು ಯೋಚಿಸಿದಳು. ಆ ಕೋಣೆಯಲ್ಲಿ ಉಂಡವರ, ಉಟ್ಟವರ, ಅತ್ತವರ, ನಕ್ಕವರ ಲೆಕ್ಕದಲ್ಲಿ ಅವಳು ತನ್ನನ್ನು ಎಂದೂ ಸೇರಿಸಿಕೊಂಡವಳೇ ಅಲ್ಲ.

"ನಾನ?" ಎಂದಳು ಕೊನೆಗೆ.

"ನೀವ ಕಾಕೂ. ನನಗ ಚಿಂತಿ ಇರೂದು ನಿಮ್ಮದ."

ಮನೆಗೆ ಬಂದರೆ ರಾಧಾಬಾಯಿಯವರು ಕಾದೇ ಕುಳಿತಿದ್ದರು. "ಏನಂತ ಅಂಬಕ್ಕ, ನಮ್ಮ ಸೊಸಿಯ ರೇಡಾನು ಪೀಡಾನು?"

ಮೃದುಲಾ ಹೇಳಿದಳು, ಕಿಟಕಿ ತೆರೆಯಬೇಕು, ಗಾಳಿ ಆಡಬೇಕು ಎಂದು. ರಾಧಾಬಾಯಿಯವರು ಕೈಯಲ್ಲಿದ್ದ ಬತ್ತಿಯ ಹತ್ತಿಯನ್ನು ಕೆಳಗಿಟ್ಟರು.

"ಕಿಟಕಿ ತಗೀತಾರಂತ! ಹಸಿ ಬಾಣಂತಿ ಮ್ಯಾಲೆ ಗಾಳಿ ಬಿಡ್ತಾರಂತ! ಹಾಂಗಾದ್ರ ಕೋಣಿ ಯಾಕ, ಗೋದಾವರಿ ರಾಮಕುಂಡದ ಕಟ್ಟಿ ಮ್ಯಾಲೇ ಹೊರಸು ಹಾಕೋಣಲ್ಲ. ಅಂಬಕ್ಕಾ, ಸ್ಪಷ್ಟ ಹೇಳ್ತೀನಿ. ಕಿಟಕಿ ತಗದ್ರ ನನ್ನ ಮಗಳನ್ನ ನಾ ಕಳಸಂಗಿಲ್ಲ."

"ಮುಚ್ಚಿದ್ರ ನಾ ಕಳಸಂಗಿಲ್ಲ," ಎಂದಳು ಮೃದುಲಾ, ಅತ್ತೆಗೆ ಎದುರಾಡಿ ಗೊತ್ತಿಲ್ಲದವಳು. ಹೇಳಿದವಳೇ ನಾಲಿಗೆ ಕಚ್ಚಿಕೊಂಡು ಒಳಗೆ ಹೋದಳು.

ತಿರುಗಿ ಬರುವ ಬಸ್ಸಿನಲ್ಲಿ ಅಂಬಕ್ಕನಿಗೆ ಕಿಟಕಿಯ ಹೊರಗಿನದೇನೂ ಕಾಣಲಿಲ್ಲ. ಕೋಣೆ ತೆರೆದರೆ ಯಾರೂ ಬರುವುದಿಲ್ಲ. ಮುಚ್ಚಿಟ್ಟರೆ ಅದೇ ಗಸಗಸೆಯನ್ನು ಉಸಿರಾಡುತ್ತಿರಬೇಕು. ಕೂಸುಗಳಿಲ್ಲದ ಮನೆಯಲ್ಲಿ ಗಂಡ ರೈಲಿಗೆ ಹೋದ ಮೇಲೆ ಏನು ಮಾಡುವುದು? ಆ ಕೋಣೆ ಇಲ್ಲದೆ ತಾನು ಯಾರು? ಗೋಡೆಗಳೇ ತನಗೆ ಎರಡು ಬಗೆದ ಹಾಗೆ ಅವಳಿಗೆ ದುಃಖವಾಯಿತು.

ಮನೆಗೆ ಬಂದವಳು ಸುಮ್ಮನಿರಲಿಲ್ಲ. ಅವಳ ತವರಿನಲ್ಲಿ ಜೋಳ ತುಂಬಿಡುವ ಹಗೇವು ಇತ್ತು, ಅಂಗಳದ ನೆಲದೊಳಗೆ ಆಳುದ್ದದ ಗುಂಡಿ. ಅದರ ಬಾಯಿ ತೆಗೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಗಾಳಿ ಕೆಟ್ಟದ್ದು, ಉರಿದರೆ ಒಳ್ಳೆಯದು. ಅಂಬಕ್ಕ ಕೋಣೆಯ ಬಾಗಿಲು ಮುಚ್ಚಿ, ಮೃದುಲಾ ತೋರಿಸಿದ್ದ ಹಾಸುಗಲ್ಲಿನ ಸಂದಿಯ ಮೇಲೆ ಹಣತೆ ಹಚ್ಚಿಟ್ಟಳು. ಜ್ಯೋತಿ ನೆಟ್ಟಗೆ, ಚೆಂದಾಗಿ ಉರಿಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ವಾರದ ಮೇಲೆ ಮೃದುಲಾ ಬಂದಾಗ ಅವಳು ಅದನ್ನೇ ಗೆದ್ದವಳ ಹಾಗೆ ಹೇಳಿದಳು. "ನಿನ್ನ ದುರ್ಬೀನಿಗೇನೋ ಮಂಕು ಹಿಡದದ. ನನ್ನ ದೀಪ ಎಷ್ಟು ಶಾಂತ ಉರೀತು ಗೊತ್ತದೇನು? ನಮ್ಮ ಹಗೇವಿನ್ಯಾಗ ನಾವು ಹಿಂಗ ನೋಡ್ತಿದ್ವಿ."

"ಕಾಕೂ, ಹಗೇವಿನ ಗಾಳಿ ಬ್ಯಾರೆ. ಅದು ದೀಪ ಆರಿಸ್ತದ, ಖರೆ. ರೇಡಾನ್ ದೀಪ ಆರಸಂಗಿಲ್ರಿ. ಪಣತಿ ಮುಂದ ಅದು ಸುಮ್ಮನ ಇರ್ತದ..." ಎನ್ನುತ್ತಿದ್ದ ಮೃದುಲಾ ನಡುವೆಯೇ ತಡೆದಳು. "ಹಗೇವು ಅಂದ್ರ ಏನ್ರಿ? ನೆಲದೊಳಗ ಪೊಕಳ, ಖಾಲಿ ಜಾಗಾ?"

"ಇಲ್ಲಿಯವರು ಪೇವ ಅಂತಾರಲ್ಲ, ಅದ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅದು ಹಿಂದೆ ಧಾನ್ಯದ ವ್ಯಾಪಾರಿಯೊಬ್ಬನ ವಾಡೆ. ಅಂಬಕ್ಕ ಎದ್ದು ಒನಕೆ ತಂದು ಗೋಡೆಯ ಬದಿಯ ಕಲ್ಲಿಗೆ ಗುದ್ದಿದಳು. ಧಪ್ ಎಂದಿತು. ನಡುವಿನ ಕಲ್ಲಿಗೆ, ಹೊಗೆ ಅಲುಗಾಡುತ್ತಿದ್ದ ಸಂದಿಯ ಪಕ್ಕಕ್ಕೆ ಗುದ್ದಿದಳು. ಕೊಡದ ಹೊಟ್ಟೆಗೆ ಬಡಿದ ಹಾಗೆ ಸದ್ದಾಯಿತು.

ಗಾರೆ ಕೆಲಸದ ಓಣಿಯ ಗವಂಡಿ ತುಕಾರಾಮನನ್ನು ಕರೆಸಿದರು. ಅವನ ಸೊಸೆಯ ಎರಡೂ ಕೂಸುಗಳಿಗೆ ಅಂಬಕ್ಕನೇ ನೀರು ಹಾಕಿದ್ದಳು. ಸಾತಪುರದ ಕಾರಖಾನೆಯಲ್ಲಿ ಪಾಳಿ ಮುಗಿಸಿ ಬಂದಿದ್ದ ಮಗನನ್ನೂ ಜೊತೆಗೆ ಎಳೆದುಕೊಂಡು ತುಕಾರಾಮ ಬಂದ. ಹಾರೆ ಹಾಕಿ ಕಲ್ಲೆತ್ತಿದ. ತಣ್ಣನೆಯ ಮಣ್ಣಿನ ವಾಸನೆ ಬಂತು. ಬಗ್ಗಿ ನೋಡಿ, "ಅಗ ಬಾಯೀ! ಪೇವ ಆಹೇ ಪೇವ!" ಎಂದು ಕೂಗಿದ. ಅರ್ಧ ಮಣ್ಣು ಕುಸಿದು ತುಂಬಿದ ಗುಂಡಿ, ಉಳಿದರ್ಧ ಬರೀ ಪೊಳ್ಳು. ಅಂಬಕ್ಕ ಅಷ್ಟು ವರ್ಷ ಅದರ ಮಗ್ಗುಲಿಗೇ ಹಾಸಿಗೆ ಹಾಸಿದ್ದಳು.

ಮೃದುಲಾಳ ಮುಖ ಅರಳಿತು. ಈ ಕಡೆಯ ಕರಿಕಲ್ಲು ನೆಲದಲ್ಲಿ ಈ ಅನಿಲ ಅಷ್ಟಾಗಿ ಇರುವುದಿಲ್ಲವೆಂದು ಅವಳ ಸರ್ ತಲೆ ಕೆಡಿಸಿಕೊಂಡಿದ್ದರಂತೆ. ಸುತ್ತಲ ಮಣ್ಣಿನಿಂದ ಬಂದದ್ದೆಲ್ಲ ಗುಂಡಿಯಲ್ಲಿ ಕೂಡಿ, ಸಂದಿಯಿಂದ ಏರಿ, ಹೋಗಲು ದಾರಿಯಿಲ್ಲದೆ ಕೋಣೆಯಲ್ಲಿ ನಿಂತಿತ್ತು. "ಕಾಕೂ, ಗಾಳಿನ ಕೋಣಿಯೊಳಗ ಬಿಟ್ಟು ಹೊರಗ ಹಾಕೋದ್ಯಾಕ? ಒಳಗ ಬರೋಕಿಂತ ಮೊದಲ ಕೆಳಗಿಂದ ಹೊರಗ ಒಯ್ಯೋಣ. ಪರದೇಶದೊಳಗ ಹಿಂಗ ಮಾಡ್ತಾರ, ಓದೀನಿ."

ತುಕಾರಾಮ ಗುಂಡಿಗೆ ದಪ್ಪ ಜಲ್ಲಿಯ ಖಡಿ ತುಂಬಿದ. ಖಡಿಯ ನಡುವೆ ಒಂದು ಉದ್ದನೆಯ ಪೈಪು ನಿಲ್ಲಿಸಿ, ಗೋಡೆಯಲ್ಲಿ ಹಾಯಿಸಿ, ಮಾಡಿನ ಮೇಲೆ ಆಳೆತ್ತರ ಏರಿಸಿ, ಮಳೆನೀರು ಇಳಿಯದಂತೆ ತಲೆಗೊಂದು ಟೊಪ್ಪಿಗೆ ಇಟ್ಟ. ಕಲ್ಲು ತಿರುಗಿ ಕೂಡಿಸಿ, ಕೋಣೆಯ ಸಂದಿ ಸಂದಿಗೂ ಸಿಮೆಂಟ್ ಮೆತ್ತಿದ. ಅಗ್ಗಿಷ್ಟಿಕೆಯ ಹೊಗೆಗೂ ದಾರಿಯಾಗಲೆಂದು ಮೃದುಲಾ ಹೇಳಿ ಮಾಡಿನ ಬುಡದಲ್ಲಿ, ಮನುಷ್ಯರ ತಲೆಗಿಂತ ಬಹಳ ಮೇಲೆ, ಒಂದು ಗವಾಕ್ಷಿಯನ್ನೂ ಇಡಿಸಿದಳು. ಅಂಬಕ್ಕ ಕೂಲಿಯ ಮಾತೆತ್ತಿದರೆ ತುಕಾರಾಮ ಕಿವಿ ಮುಚ್ಚಿಕೊಂಡ. "ಬಾಯೀ, ನೀವು ನಮ್ಮ ಪೋರಗಳಿಗೆ ನೀರು ಹಾಕುವಾಗ ಬಿಲ್ಲು ಕೊಟ್ಟಿದ್ದಿರಾ?" ಎಂದು ಮರಾಠಿಯಲ್ಲಿ ಗದರಿಸಿದ. ಅಂಬಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು.

ಓಣಿಯವರಿಗೆ ಮೋಜೋ ಮೋಜು. "ಅಂಬಕ್ಕನ ಮನಿಯೊಳಗ ನೆಲಾನೇ ಬೀಡಿ ಸೇದ್ತದಂತ, ನೋಡ್ರಿ ಹೊಗಿ ಪೈಪು," ಎನ್ನುವವರು ಕೆಲವರು. ರಘೋತ್ತಮರಾಯರಂತೂ ಪೈಪಿನ ಕೆಳಗೆ ನಿಂತು ಇಂಜಿನ್ನಿನ ಹಾಗೆ ಕೂಗಿ, "ಮನಮಾಡ ಬಂತು, ಇಳೀರಿ," ಎಂದು ಹೆಂಡತಿಯನ್ನು ಕಾಡಿಸಿದರು.

ಇನ್ನು ಉಳಿದದ್ದು ರಾಧಾಬಾಯಿಯವರು. ಮನೋರಮಾಳ ದಿನ ಹತ್ತಿರ ಬಂದಿತ್ತು. ಮಗಳನ್ನು ಕಳಿಸುವ ಮೊದಲು ಕಣ್ಣಾರೆ ನೋಡುತ್ತೇನೆಂದು ಅವರೇ ನಾಶಿಕಕ್ಕೆ ಬಂದರು. ಮಾರ್ಗಶಿರದ ಚಳಿ. ಒಳಗೆ ಕಾಲಿಟ್ಟವರೇ ತಲೆಯೆತ್ತಿ, "ಅದೇನದು ತೂತು?" ಎಂದರು.

"ಗವಾಕ್ಷಿ ರೀ. ಗಾಳಿ ಅಲ್ಲೇ ಮ್ಯಾಲಿಂದ ಮ್ಯಾಲೆ ಹೋಗ್ತದ. ಹೊರಸಿನ ತನಕ ಇಳಿಯಂಗಿಲ್ಲ," ಎಂದಳು ಅಂಬಕ್ಕ.

"ಇಳಿಯಂಗಿಲ್ಲ ಅಂತ ಗಾಳಿ ನಿಮಗ ಹೇಳೇದೇನು? ನಾ ನೋಡ್ತೀನಿ." ರಾಧಾಬಾಯಿಯವರು ಬಾಣಂತಿಯ ಹೊರಸಿನ ಮೇಲೆ ಮಲಗಿದರು. ಸೆರಗು ಸರಿಸಿ ಕುತ್ತಿಗೆಯನ್ನು ಗಾಳಿಗೆ ಒಡ್ಡಿದರು. ಆ ಮಗ್ಗುಲಾದರು, ಈ ಮಗ್ಗುಲಾದರು. ಕೆಳಗೆ ಅಗ್ಗಿಷ್ಟಿಕೆಯ ಹದವಾದ ಬಿಸಿ. ಅಂಬಕ್ಕ, ಮೃದುಲಾ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತರು. ತುಸು ಹೊತ್ತಿಗೆ ಒಳಗಿನಿಂದ ಗೊರಕೆ ಕೇಳಿಸಿತು.

ಮೃದುಲಾ ಸೆರಗು ಬಾಯಿಗೆ ತುರುಕಿಕೊಂಡು ಅಂಗಳಕ್ಕೆ ಓಡಿದಳು. ಸಂಜೆ ಎದ್ದ ರಾಧಾಬಾಯಿಯವರು, "ನಿದ್ದಿ ಬಂದಿಲ್ಲ ನನಗ, ಕಣ್ಣು ಮುಚ್ಚಿ ಪರೀಕ್ಷಾ ಮಾಡ್ತಿದ್ದೆ," ಎಂದರು. ಮುಖ ತೊಳೆದು ಬಂದು, "ಮಗಳನ್ನ ಕಳಸ್ತೀನಿ," ಎಂದೂ ಸೇರಿಸಿದರು. ಅಂಬಕ್ಕ ಅವರ ಕಾಲಿಗೆ ಬೀಳಲು ಹೋದರೆ ತೋಳು ಹಿಡಿದೆತ್ತಿದರು. "ನನಗ್ಯಾಕ? ಆ ನನ್ನ ಸೊಸಿಗೆ ಹೇಳ್ರಿ. ಜೀವನದಾಗ ಒಮ್ಮೆ ನನಗ ಎದುರು ಮಾತಾಡಿದಳು, ಅದೂ ನಿಮ್ಮ ಸಲುವಾಗಿ."

ಮನೋರಮಾ ಹೆಣ್ಣುಕೂಸು ಎತ್ತಿಕೊಂಡು ಕೋಣೆಗೆ ಬಂದಳು. ಹೊಗೆ ಹಾಕಿದರೆ ಈಗ ಅದು ಮಾಡಿನ ಕಡೆಗೇ ಏರಿ ಹೋಗುತ್ತಿತ್ತು, ಯಾರಿಗೂ ಕಣ್ಣುರಿ ಇಲ್ಲ. ಮೂರನೆಯ ಡಬ್ಬಿಯನ್ನು ಮೃದುಲಾ ಬಾಣಂತಿಯ ಹೊರಸಿನ ಹತ್ತಿರ ಕಟ್ಟಲಿಲ್ಲ. ಮೂಲೆಯಲ್ಲಿ, ಅಂಬಕ್ಕನ ದಿಂಬಿನ ನೇರಕ್ಕೆ ಕಟ್ಟಿದಳು. ಮನೋರಮಾ ಮೈ ತುಂಬಿಕೊಂಡು ಗಂಡನ ಮನೆಗೆ ಹೊರಡುವ ದಿನ ಬಂದಾಗ, ಫಿಲ್ಮಿನ ಫಲಿತಾಂಶ ಹೇಳಲು ಮೃದುಲಾ ಔರಂಗಾಬಾದಿನಿಂದ ಮುಂಜಾನೆಯ ಬಸ್ಸಿಗೇ ಬಂದಿಳಿದಳು. ಕಳುಹಿಸಿಕೊಡಲು ರಾಧಾಬಾಯಿಯವರೂ ಬಂದಿದ್ದರು.

"ಕಾಕೂ, ಗಸಗಸಿ ಹೋತು. ಅಲ್ಲೊಂದು ಇಲ್ಲೊಂದು ಉಳದಾವ, ಅಷ್ಟು ಎಲ್ಲಾರ ಮನಿಯೊಳಗೂ ಇರ್ತಾವ. ಇನ್ನ ಖುಷಾಲ ಮಲಗ್ರಿ ನಿಮ್ಮ ಕೋಣಿಯೊಳಗ."

ಕೂಸುಗಳಿಗೆ ನೂರು ವರ್ಷ ಆಯುಷ್ಯ ಆಗಲೆಂದು ಅಂಬಕ್ಕ ನೀರು ಹಾಕುವಾಗಲೆಲ್ಲ ಹರಸುತ್ತಿದ್ದಳು. ಅವಳ ಉಸಿರಿನ ಚಿಂತೆ ಮಾಡಿದವಳು ಮಾತ್ರ ಮೃದುಲಾ ಒಬ್ಬಳೇ. ಕೃತಜ್ಞತೆ ಹೇಳುವ ದೊಡ್ಡ ಮಾತುಗಳು ಅವಳಿಗೆ ಬರುತ್ತಿರಲಿಲ್ಲ, ಅವಳಿಗೆ ಬರುತ್ತಿದ್ದದ್ದು ಒಂದೇ ಕೆಲಸ. ಬಚ್ಚಲಿಗೆ ಹೋಗಿ ಹಂಡೆಯ ಕೆಳಗೆ ಕಟ್ಟಿಗೆ ತುಂಬಿದಳು. ಎಣ್ಣೆ ಬಟ್ಟಲು ಬೆಚ್ಚಗೆ ಮಾಡಿ ತಂದಳು. ಬಾಣಂತಿಯರು ಕೂಡುವ ಮಣೆ ಹಾಕಿ, ಮೃದುಲಾಳ ಕೈ ಹಿಡಿದು ಎಳೆದು ಕೂಡಿಸಿದಳು.

"ಕಾಕೂ, ಹೇ ಕಾಯ್, ಇದೇನ್ರಿ! ನನಗ ಮಧ್ಯಾಹ್ನದ ಬಸ್ ಹಿಡೀಬೇಕು!"

"ಬಸ್ಸು ನಾಳೆನೂ ಇರ್ತದ. ಕೂಡು."

ಬಾಗಿಲಲ್ಲಿ ನಿಂತ ರಾಧಾಬಾಯಿಯವರು ನಕ್ಕರು. "ಹಡದಾಕಿ ನನ್ನ ಮಗಳು, ಎಣ್ಣಿ ನೀರು ನನ್ನ ಸೊಸಿಗೇನ್ರಿ ಅಂಬಕ್ಕಾ?"

"ಹೌದ್ರಿ. ಈಕಿಗೆ ಒಂದು ಎಣ್ಣಿ ನೀರು ನಾ ಬಾಕಿ ಇಟ್ಟಿದ್ದೆ," ಎಂದು ಅಂಬಕ್ಕ ಮೃದುಲಾಳ ನೆತ್ತಿಗೆ ಬೆಚ್ಚನೆಯ ಎಣ್ಣೆ ಸುರಿದು, ಎರಡೂ ಅಂಗೈಯಿಂದ ಒತ್ತಿ ಒತ್ತಿ ತಿಕ್ಕತೊಡಗಿದಳು. ಆಮೇಲೆ ಚೊಂಬಿನಿಂದ ನೀರು ಹೊಯ್ಯುತ್ತ, ಹುಡುಗಿಯ ಕಣ್ಣಿಗೆ ಕೈ ಅಡ್ಡ ಹಿಡಿದು ಹೇಳಿದಳು:

"ಕಣ್ಣು ಬಿಡಬ್ಯಾಡ ನನ್ನ ತಾಯಿ, ಸೀಗಿಕಾಯಿ ಹೋದೀತು."